ತೆರೆಯದ ಫೈಲಿಗೆಲ್ಲ ‘ಕರಪ್ಟ್’ ಎಂಬ ಒಂದೇ ಕಾಯಿಲೆಯೇ?

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಹೋದ ತಿಂಗಳು ಪೆನ್ ಡ್ರೈವ್ ಹಿಡಿದು ಮನೆಗೆ ಬಂದರು. ತಾವು ಪಾಠ ಹೇಳಿದ ಹಳ್ಳಿ ಶಾಲೆಗಳ ಬಗ್ಗೆ 2005ರಲ್ಲಿ ಅವರೊಂದು ಪುಸ್ತಕ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು. ಪ್ರತಿಗಳೆಲ್ಲ ಹಂಚಿ ಮುಗಿದಿವೆ. ತಮಗಾಗಿ ಇಟ್ಟುಕೊಂಡಿದ್ದ ಒಂದೇ ಪ್ರತಿಯನ್ನು ಯಾರೋ ಓದಲು ಒಯ್ದರು, ಅದು ಮರಳಲಿಲ್ಲ. ಈಗ ಮೊಮ್ಮಗಳು ಮರುಮುದ್ರಣ ಮಾಡಿಸೋಣ ಎಂದು ಹೊರಟಿದ್ದಾಳೆ. ಪೆನ್ ಡ್ರೈವಿನಲ್ಲಿ ಇದ್ದವು ಎರಡೇ ಫೈಲು: ಒಂದು ವರ್ಡ್‌ನದು, ಇನ್ನೊಂದು ಅಚ್ಚಿಗಾಗಿ ಪುಟ ಕಟ್ಟುವ ಪೇಜ್‌ಮೇಕರ್‌ನದು. ಮೊದಲನೆಯದು ತೆರೆಯುತ್ತದೆ, ಆದರೆ ಹುಡುಕಿದರೂ ಒಂದು ಕನ್ನಡ ಅಕ್ಷರವಿಲ್ಲ. ಎರಡನೆಯದನ್ನು ಒತ್ತಿದರೆ ‘ಇದನ್ನು ಯಾವುದರಿಂದ ತೆರೆಯಲಿ?’ ಎಂದು ವಿಂಡೋಸ್ ನಮ್ಮನ್ನೇ ಕೇಳುತ್ತದೆ.

“ಎರಡೂ ಕರಪ್ಟ್ ಆಗಿವೆಯಂತೆ. ಮೊದಲಿನಿಂದ ಟೈಪ್ ಮಾಡಿಸಬೇಕು ಎನ್ನುತ್ತಾರೆ ಅಂಗಡಿಯವರು. ನೀನೊಂದು ಸಲ ನೋಡಪ್ಪ” ಎಂದರು ಮೇಷ್ಟ್ರು.

ನೋಡಿದೆ. ಎರಡು ಫೈಲುಗಳಲ್ಲೂ ಏನೂ ಕೆಟ್ಟಿರಲಿಲ್ಲ. ಅಂದು ಟೈಪ್ ಮಾಡಿದಾಗ ಹೇಗಿದ್ದವೋ ಹಾಗೆಯೇ ಇದ್ದವು. ಇಪ್ಪತ್ತು ವರ್ಷಗಳಲ್ಲಿ ಬದಲಾದದ್ದು ಅವುಗಳ ಸುತ್ತಲಿನ ಲೋಕ.

ಹಿಂದೆ ಯಾವ ಕಾಯಿಲೆ ಬಂದರೂ ‘ಜ್ವರ’ ಎಂದು ಕಷಾಯ ಕುಡಿಸುತ್ತಿದ್ದ ಹಾಗೆ, ಫೈಲು ತೆರೆಯದಿದ್ದರೆ ಇಂದು ಎಲ್ಲರ ಬಾಯಲ್ಲೂ ಬರುವುದು ‘ಕರಪ್ಟ್’ ಎಂಬ ಒಂದೇ ಪದ. ತಂತ್ರಾಂಶಗಳೂ ಈ ಗೊಂದಲಕ್ಕೆ ತುಪ್ಪ ಸುರಿಯುತ್ತವೆ. ತನಗೆ ಓದಲು ಬಾರದ ಫೈಲನ್ನು ಕಂಡ ತಂತ್ರಾಂಶ ‘ನನಗೆ ಬರುವುದಿಲ್ಲ’ ಎಂದು ಒಪ್ಪಿಕೊಳ್ಳುವುದು ಅಪರೂಪ. ‘ಫೈಲ್ ಹಾಳಾಗಿದೆ’ ಎಂದುಬಿಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಮಾತನ್ನು ನಂಬಿ ನಾವು ‘ರಿಪೇರಿ’ಗೆ ಇಳಿಯುತ್ತೇವೆ, ಚೆನ್ನಾಗಿದ್ದ ಫೈಲು ಆಗ ನಿಜಕ್ಕೂ ಹಾಳಾಗುತ್ತದೆ. ಹಾಗಾಗಿ ಯಾವ ಚಿಕಿತ್ಸೆಗೂ ಮೊದಲು ಫೈಲಿನ ಒಂದು ನಕಲು ತೆಗೆದು, ಮೂಲವನ್ನು ಮುಟ್ಟದೆ ಬದಿಗಿಡಬೇಕು. ಗೋಜಲು ಅಕ್ಷರ ಕಂಡಾಗ ‘ಸೇವ್’ ಒತ್ತಬಾರದು. ಉಚಿತವಾಗಿ ಸರಿಪಡಿಸುತ್ತೇವೆ ಎನ್ನುವ ಯಾವುದೋ ಜಾಲತಾಣಕ್ಕೆ ಮನೆಯ ಕ್ರಯಪತ್ರವನ್ನೋ ಆಧಾರ್ ಪ್ರತಿಯನ್ನೋ ಏರಿಸುವುದಂತೂ ಬೇಡವೇ ಬೇಡ.

ಬಾಲ ತುಂಡಾದ ಫೈಲುಗಳು

ನಿಜವಾಗಿ ಕೆಟ್ಟ ಫೈಲುಗಳಿಂದಲೇ ಶುರು ಮಾಡೋಣ. ಅವುಗಳಲ್ಲಿ ಬಹುಪಾಲು ಕೆಡುವುದು ಪೂರ್ತಿ ಬಂದು ಸೇರದ ಕಾರಣಕ್ಕೆ. ಫೈಲಿನ ಮೇಲೆ ಬಲ ಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ಗಾತ್ರ ನೋಡಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ಸೊನ್ನೆ ಬೈಟ್ ಎಂದಿದ್ದರೆ ಅಲ್ಲಿರುವುದು ಹೆಸರು ಮಾತ್ರ. ಕಳುಹಿಸಿದವರ ಬಳಿ 60 ಎಂಬಿ ಇದ್ದು ನಮ್ಮಲ್ಲಿ 43 ಎಂಬಿ ಇದ್ದರೆ ಡೌನ್‌ಲೋಡ್ ನಡುವೆ ನಿಂತಿದೆ. ಮತ್ತೆ ತರಿಸಿಕೊಂಡರೆ ಮುಗಿಯಿತು. ಫೈಲಿನ ಪಕ್ಕದಲ್ಲಿ ಮೋಡದ ಚಿತ್ರವಿದ್ದರೆ ಅದು ಈ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ, ಇಂಟರ್ನೆಟ್ ಬಂದಾಗ ಇಳಿಯುತ್ತದೆ. ಇನ್ನು ಹೆಸರಿನ ಮೊದಲಲ್ಲಿ ಅಲೆಗೆರೆ ಮತ್ತು ಡಾಲರ್ ಚಿಹ್ನೆ ಇರುವ 162 ಬೈಟಿನ ಪುಟ್ಟ ಫೈಲೊಂದು ಕಂಡರೆ ಅದು ನಿಮ್ಮ ಬರಹವಲ್ಲ. ‘ಈ ದಾಖಲೆಯನ್ನು ಸದ್ಯ ಇಂಥವರು ತೆರೆದಿದ್ದಾರೆ’ ಎಂದು ವರ್ಡ್ ತನಗಾಗಿ ಬರೆದಿಟ್ಟುಕೊಳ್ಳುವ ಚೀಟಿ ಅದು. ಆ ಚೀಟಿಯನ್ನೇ ಪೆನ್ ಡ್ರೈವಿಗೆ ಹಾಕಿಕೊಂಡು ಊರಿಗೆ ಹೋಗಿ ತಲೆ ಚಚ್ಚಿಕೊಂಡವರನ್ನು ನಾನು ಕಂಡಿದ್ದೇನೆ.

ಆದರೆ 60ರಲ್ಲಿ 43 ಬಂದಿದ್ದರೆ ಮುಕ್ಕಾಲು ಭಾಗವಾದರೂ ತೆರೆಯಬೇಕಲ್ಲ? ಚಿತ್ರಗಳಲ್ಲಿ ಹಾಗೆಯೇ ಆಗುತ್ತದೆ. ಅರ್ಧ ಬಂದ ಜೆಪೆಗ್ ಚಿತ್ರದಲ್ಲಿ ಮುಖ ಕಾಣುತ್ತದೆ, ಎದೆಯ ಕೆಳಗೆ ಬೂದು ಬಣ್ಣ. ಜಿಪ್, ಪಿಡಿಎಫ್, ವಿಡಿಯೊಗಳ ಕಥೆ ಬೇರೆ. ಜಿಪ್ ಫೈಲಿನ ಪರಿವಿಡಿ ಇರುವುದು ಕೊನೆಯಲ್ಲಿ. ಪಿಡಿಎಫ್‌ನಲ್ಲಿ ಯಾವ ಪುಟದ ಸಾಮಗ್ರಿ ಎಲ್ಲಿದೆ ಎಂಬ ಪಟ್ಟಿಯೂ ಸಾಮಾನ್ಯವಾಗಿ ಕೊನೆಯಲ್ಲೇ ಇರುತ್ತದೆ. ಬರೆಯುವವನಿಗೆ ಇದು ಅನುಕೂಲ: ಎಲ್ಲವನ್ನೂ ಬರೆದು ಮುಗಿಸಿದ ಮೇಲೆ ತಾನೇ ಯಾವುದು ಎಲ್ಲಿ ಕೂತಿತು ಎಂದು ಗೊತ್ತಾಗುವುದು? ಓದುವವನಿಗೆ ಮಾತ್ರ ಕಷ್ಟ, ಬಾಲ ತುಂಡಾದರೆ ಇಡೀ ದೇಹ ಗುರುತು ಸಿಗದಂತಾಗುತ್ತದೆ.

ಮದುವೆ ವಿಡಿಯೊ ತೆಗೆಯುವವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಎಂಪಿ4 ವಿಡಿಯೊ ಚಿತ್ರೀಕರಣದಲ್ಲಿ ದೃಶ್ಯಗಳು ಸಾಲಾಗಿ ಕಾರ್ಡಿಗೆ ಇಳಿಯುತ್ತಾ ಹೋಗುತ್ತವೆ. ಅವನ್ನು ಜೋಡಿಸಿ ತೋರಿಸುವ ಸೂಚಿಯನ್ನು ಅನೇಕ ಕ್ಯಾಮೆರಾಗಳು ಬರೆಯುವುದು ನಿಲ್ಲಿಸುವ ಗುಂಡಿ ಒತ್ತಿದ ಮೇಲೆ. ಧಾರೆಯ ಹೊತ್ತಿಗೆ ಬ್ಯಾಟರಿ ಸತ್ತರೆ ಕಾರ್ಡಿನಲ್ಲಿ ಹಲವು ಜಿಬಿ ದೃಶ್ಯ ಕೂತಿರುತ್ತದೆ, ಒಂದು ಸೆಕೆಂಡೂ ಓಡುವುದಿಲ್ಲ. ಇಂಥ ವಿಡಿಯೊವನ್ನು ಅನೇಕ ವೇಳೆ ಉಳಿಸಬಹುದು. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ಚಿಕ್ಕ ವಿಡಿಯೊ ತೆಗೆದು, ಅದರ ಸೂಚಿಯ ಮಾದರಿಯಲ್ಲಿ ಇದಕ್ಕೊಂದು ಹೊಸ ಸೂಚಿ ಕಟ್ಟಿಕೊಡುವ ತಂತ್ರಾಂಶಗಳಿವೆ. ಅಲ್ಲಿಯವರೆಗೆ ಆ ಕಾರ್ಡಿಗೆ ಹೊಸದೇನನ್ನೂ ಬರೆಯದೆ ಎತ್ತಿಡುವುದು ಮುಖ್ಯ.

ವರ್ಡ್ ಫೈಲಿನಲ್ಲೂ ಒಂದು ಉಪಾಯವಿದೆ. ಆಫೀಸ್ 2007ರ ನಂತರದ ಡಾಕ್ಸ್ ಫೈಲು ಎಂದರೆ ವೇಷ ಹಾಕಿದ ಜಿಪ್. ನಕಲಿನ ಹೆಸರಿನ ಬಾಲವನ್ನು, ಅಂದರೆ ಚುಕ್ಕೆಯ ನಂತರದ ಅಕ್ಷರಗಳನ್ನು, ಜಿಪ್ ಎಂದು ಬದಲಾಯಿಸಿ ತೆರೆದರೆ ಒಳಗೆ ಪುಟ್ಟ ಮನೆಯೇ ಕಾಣುತ್ತದೆ: ಒಂದು ಫೋಲ್ಡರಿನಲ್ಲಿ ಬರಹ, ಇನ್ನೊಂದರಲ್ಲಿ ಚಿತ್ರಗಳು. ಬರಹ ಕೆಟ್ಟಿದ್ದರೂ ಚಿತ್ರಗಳು ಅಖಂಡವಾಗಿ ಸಿಗುವುದುಂಟು. ವರ್ಡ್‌ನಲ್ಲೇ ‘ಓಪನ್’ ಗುಂಡಿಯ ಪಕ್ಕದ ಪುಟ್ಟ ಬಾಣ ಒತ್ತಿದರೆ ‘ಓಪನ್ ಅಂಡ್ ರಿಪೇರ್’ ಎಂಬ ಆಯ್ಕೆ ಇದೆ. ವರ್ಷಗಳಿಂದ ಅಲ್ಲೇ ಇದ್ದರೂ ಯಾರೂ ಒತ್ತುವುದಿಲ್ಲ.

ಹೆಸರು ಒಂದು, ಜಾತಕ ಇನ್ನೊಂದು

ಪೂರ್ತಿ ಇದ್ದೂ ತೆರೆಯದ ಫೈಲುಗಳ ಎರಡನೆಯ ಗುಂಪು ವೇಷಧಾರಿಗಳದು. ಫೈಲಿನ ಹೆಸರಿನ ಬಾಲ ಅದರ ಹಣೆಬರಹವಲ್ಲ, ಅಂಗಿಯ ಮೇಲೆ ಅಂಟಿಸಿದ ಚೀಟಿ. ನಿಜವಾದ ಗುರುತು ಫೈಲಿನ ಮೊದಲ ಕೆಲವು ಬೈಟ್‌ಗಳಲ್ಲಿದೆ. ನೋಟ್‌ಪ್ಯಾಡ್‌ಗೆ ಎಳೆದು ಹಾಕಿ ಮೊದಲ ಸಾಲು ನೋಡಿ, ಉಳಿದ ಗಲೀಜನ್ನು ಲೆಕ್ಕಕ್ಕಿಡಬೇಡಿ. ಶೇಕಡಾ ಚಿಹ್ನೆ, ಅದರ ಬೆನ್ನಿಗೇ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಪಿಡಿಎಫ್. ‘ಪಿಕೆ’ ಎಂದಿದ್ದರೆ ಜಿಪ್, ಅಂದರೆ ಹೊಸ ವರ್ಡ್, ಎಕ್ಸೆಲ್ ಕೂಡ. ಜಿಪ್ ರೂಪಿಸಿದ ಫಿಲ್ ಕಾಟ್ಜ್ 1989ರಲ್ಲಿ ಇಟ್ಟ ತನ್ನ ಹೆಸರಿನ ಮೊದಲಕ್ಷರಗಳು ಅವು. ಲೋಕದ ಪ್ರತಿ ಡಾಕ್ಸ್ ಫೈಲಿನ ತಲೆಯ ಮೇಲೂ ಇಂದಿಗೂ ಕೂತಿವೆ.

ಬ್ಯಾಂಕಿನ ಜಾಲತಾಣದಿಂದ ಇಳಿಸಿದ ಖಾತೆಯ ವಿವರವನ್ನು ತೆರೆದಾಗ ‘ಫೈಲಿನ ಸ್ವರೂಪಕ್ಕೂ ಹೆಸರಿಗೂ ತಾಳೆಯಾಗುತ್ತಿಲ್ಲ’ ಎಂದು ಎಕ್ಸೆಲ್ ಗೊಣಗುವುದು ಇದಕ್ಕೇ. ಎಷ್ಟೋ ಕಡೆ ಸರಳ ವೆಬ್ ಪುಟಕ್ಕೆ ಎಕ್ಸೆಲ್‌ನ ಬಾಲ ಅಂಟಿಸಿ ಕೊಟ್ಟಿರುತ್ತಾರೆ. ಐಫೋನಿನಿಂದ ಬಂದ ಚಿತ್ರ ಹಳೆಯ ಕಂಪ್ಯೂಟರಿನಲ್ಲಿ ತೆರೆಯದಿರುವುದು ಮಾತ್ರ ವೇಷದ ದೋಷವಲ್ಲ. 2017ರಿಂದ ಆ ಫೋನುಗಳು ಜೆಪೆಗ್ ಬಿಟ್ಟು ಹೈಕ್ ಎಂಬ ಹೊಸ ಬಗೆಯಲ್ಲಿ ಚಿತ್ರ ಉಳಿಸುತ್ತಿವೆ. ವಿಂಡೋಸ್‌ಗೆ ಅದನ್ನು ಓದಲು ಕಲಿಸುವ ಪುಟ್ಟ ವಿಸ್ತರಣೆಗಳನ್ನು ಹಾಕಿಕೊಳ್ಳಬೇಕು, ಇಲ್ಲವೇ ಜೆಪೆಗ್ ಆಗಿ ಕಳುಹಿಸಲು ಹೇಳಬೇಕು.

ಬಾಲವನ್ನು ಮರೆಮಾಡಿ ತೋರಿಸುವುದು ವಿಂಡೋಸ್‌ನ ಹುಟ್ಟುಗುಣ, ನನ್ನ ಪ್ರಕಾರ ದೊಡ್ಡ ದುರ್ಗುಣ. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಹೆಸರಿನಲ್ಲಿ ಲೋಕ ಸುತ್ತಿದ ಐ ಲವ್ ಯೂ ವೈರಸ್ ಬದುಕಿದ್ದು ಇದೇ ಮರೆಯಲ್ಲಿ: ಹೆಸರಿಗೆ ಸಾಮಾನ್ಯ ಬರಹದ ಬಾಲ, ಅದರ ಹಿಂದೆ ಕಾಣದಂತೆ ಅಡಗಿದ ಇನ್ನೊಂದು ಬಾಲ. ಕಾಲು ಶತಮಾನದ ನಂತರ ಅದೇ ತಂತ್ರ ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆಯಾಗಿ, ಸಂಚಾರ ದಂಡದ ಚಲನ್ ಆಗಿ ಬರುತ್ತಿದೆ. ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ದಾಖಲೆಯೇ ಅಲ್ಲ, ಫೋನಿನೊಳಗೆ ಬಂದು ನೆಲೆಸುವ ಆ್ಯಪ್. ತೆರೆಯದ ಕರೆಯೋಲೆಯನ್ನು ಹೇಗಾದರೂ ತೆರೆಯಲೇಬೇಕು ಎಂಬ ಹಟವೇ ವಂಚಕನ ಬಂಡವಾಳ.

ಬೀಗ ಹಾಕಿದ ಫೈಲುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ವಿಷಯ ಬಿಟ್ಟು. ಇ-ಆಧಾರ್ ಪಿಡಿಎಫ್‌ನ ಗುಪ್ತಪದ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ ಎಂಬುದು ಎಲ್ಲರಿಗೂ ಗೊತ್ತು. ಆದರೂ ನಮ್ಮಲ್ಲಿ ಬಹಳ ಜನರಿಗೆ ಅದು ತೆರೆಯುವುದಿಲ್ಲ, ಕಾರಣ ಇನಿಷಿಯಲ್. ಕಾರ್ಡಿನಲ್ಲಿ ಪಿ, ಚುಕ್ಕೆ, ಕುಮಾರ್ ಎಂದಿದ್ದರೆ ಆ ಚುಕ್ಕೆಯೂ ನಾಲ್ಕರಲ್ಲಿ ಒಂದು. ಪಿ, ಚುಕ್ಕೆ, ಕೆ, ಯು, ಆಮೇಲೆ ಇಸವಿ. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಚುಕ್ಕೆಗಳಲ್ಲಿ ಹೊತ್ತು ತಿರುಗುವ ಕನ್ನಡಿಗರು ಇಲ್ಲಿ ಎಡವುತ್ತಾರೆ.

ಇನ್ನೊಂದು ಬೀಗ ವಿಂಡೋಸ್‌ನದು. ಇಂಟರ್ನೆಟ್‌ನಿಂದ ಬಂದ ಫೈಲಿಗೆ ಅದು ಗುಟ್ಟಾಗಿ ಒಂದು ಗುರುತು ಹಚ್ಚುತ್ತದೆ. 2025ರ ಅಕ್ಟೋಬರ್ ತಿಂಗಳ ಪರಿಷ್ಕರಣೆಯ ನಂತರ ಇಂಥ ಫೈಲುಗಳ ಮುನ್ನೋಟವನ್ನೂ ತಡೆಹಿಡಿಯುತ್ತಿದೆ. ನಿನ್ನೆಯವರೆಗೆ ಪಕ್ಕದ ಕಿಂಡಿಯಲ್ಲಿ ಕಾಣುತ್ತಿದ್ದ ಪಿಡಿಎಫ್ ಇಂದು ಕಾಣದೆ ಹೋಗಿ ಅನೇಕ ಕಚೇರಿಗಳಲ್ಲಿ ಗಾಬರಿಯಾದದ್ದು ಹೀಗೆ. ಕಳುಹಿಸಿದವರು ಯಾರೆಂದು ಖಾತ್ರಿಯಿದ್ದರೆ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಿದರೆ ಸಾಕು. ಇವೆಲ್ಲಕ್ಕಿಂತ ಬೇರೆಯದು ಸುಲಿಗೆಯ ಬೀಗ. ಎಲ್ಲ ಫೈಲುಗಳ ಹೆಸರಿನ ಕೊನೆಗೂ ಒಂದೇ ವಿಚಿತ್ರ ಬಾಲ ಅಂಟಿಕೊಂಡಿದ್ದು, ಹಣ ಕೇಳುವ ಟಿಪ್ಪಣಿಯೊಂದು ಕಂಡರೆ, 2017ರ ಮೇ 12ರಂದು ಹಬ್ಬಿದ ವಾನಾಕ್ರೈನಂಥ ಸುಲಿಗೆ ತಂತ್ರಾಂಶ ಒಳಹೊಕ್ಕಿದೆ ಎಂದರ್ಥ. ಆಗ ಫೈಲು ತೆರೆಯುವ ಯೋಚನೆ ಬಿಟ್ಟು ಮೊದಲು ಇಂಟರ್ನೆಟ್ ತಂತಿ ಕೀಳಬೇಕು, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮೊದಲಾದವರು 2016ರಲ್ಲಿ ಶುರು ಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ, ಎಲ್ಲಕ್ಕೂ ಅಲ್ಲ.

ಎರಡು ಬಗೆಯ ಗೋಜಲು

ಈಗ ಮೇಷ್ಟ್ರ ಮೊದಲ ಫೈಲಿಗೆ ಬರೋಣ. ಕನ್ನಡದವರು ಕಲಿಯಲೇಬೇಕಾದ ರೋಗಲಕ್ಷಣ ಇದು.

ತೆರೆದ ಪುಟದಲ್ಲಿ ಕಂಡದ್ದು ಹೀಗೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ದೊಡ್ಡ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಓರೆಗೆರೆಯ ಎ, ಜರ್ಮನ್ನರು ಬಳಸುವ ಬಿ ಆಕಾರದ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಓರೆಗೆರೆಯ ಎ. ಒಟ್ಟು ಏಳು ಚಿಹ್ನೆ. ಅಂಗಡಿಯವರಿಗೆ ಇದು ಕಸ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ‘ಕನ್ನಡ’ ಎಂಬ ಪದ. ಪಿ ಜಾಗದಲ್ಲಿ ಕೂತಿರುವುದು ಕ ಅಕ್ಷರದ ಒಡಲು, ಓರೆಗೆರೆಯ ಎ ಅದರ ತಲೆಕಟ್ಟು. ಪೌಂಡ್ ಎಂದರೆ ನ, ಜರ್ಮನ್ ಎಸ್ ಎಂದರೆ ನ ವತ್ತು, ಕ್ಯೂ ಎಂದರೆ ಡ. ತಲೆಕಟ್ಟು ಮೂರು ಸಲ ಬಂದಿರುವುದನ್ನು ಗಮನಿಸಿ.

ಹಾಗೇಕೆ ಮಾಡಿದರು? ಆ ಕಾಲದ ಫಾಂಟ್ ಒಂದರಲ್ಲಿ ಇದ್ದದ್ದು 256 ಮನೆ, ಅದರಲ್ಲೂ ಕೆಲವು ಬಳಕೆಗೆ ಸಿಗವು. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಯಲಾರವು. ಆದ್ದರಿಂದ ಅಕ್ಷರವನ್ನು ಒಡಲು, ತಲೆಕಟ್ಟು, ಕೊಂಬು, ವತ್ತು ಎಂದು ತುಂಡು ಮಾಡಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ಕಂಪ್ಯೂಟರಿನ ಮಟ್ಟಿಗೆ ಫೈಲಿನಲ್ಲಿರುವುದು ಇಂಗ್ಲಿಷೇ. ಕನ್ನಡವಾಗಿ ಕಾಣಿಸುವುದು ಫಾಂಟಿನ ಕೈಚಳಕ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಪುಣ್ಯಕ್ಕೆ ಸರ್ಕಾರದ ಒತ್ತಾಸೆಯಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಗೂ ಬೇರೆಯವರು ರೂಪಿಸಿದ ಬರಹ ತಂತ್ರಾಂಶಕ್ಕೂ ಈ ಜೋಡಣೆಯಲ್ಲಿ ಹೊಂದಾಣಿಕೆ ಇತ್ತು. ಶ್ರೀಲಿಪಿಯಂಥ ವಾಣಿಜ್ಯ ತಂತ್ರಾಂಶಗಳದು ಬೇರೆಯೇ ದಾರಿ.

ಇದರ ಪರೀಕ್ಷೆ ಸುಲಭ. ಗೋಜಲಿನ ನಡುವೆ ಕರ್ಸರ್ ಇಟ್ಟು ವರ್ಡ್‌ನ ಫಾಂಟ್ ಪೆಟ್ಟಿಗೆಯಲ್ಲಿ ಯಾವ ಹೆಸರಿದೆ ನೋಡಿ. ಮೇಷ್ಟ್ರ ಫೈಲಿನಲ್ಲಿ ‘ನುಡಿ 01 ಇ’ ಎಂದಿತ್ತು. ಆ ಫಾಂಟ್ ಹಾಕಿ ಮತ್ತೆ ತೆರೆದದ್ದೇ ತಡ, ಪುಟ ಕನ್ನಡವಾಯಿತು. ಕೆಲಸ ಹಿಡಿದದ್ದು ಎರಡು ನಿಮಿಷ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮೊದಲ ಪ್ಯಾರಾ ಗಟ್ಟಿಯಾಗಿ ಓದಿದರು.

ಎರಡನೆಯ ಬಗೆಯ ಗೋಜಲು ನೋಡಲು ಇದರಂತೆಯೇ ಇದ್ದರೂ ಕಾಯಿಲೆ ಪೂರ್ತಿ ತಲೆಕೆಳಗು. ಕನ್ನಡ ಹೆಸರುಗಳಿರುವ ಸಿಎಸ್‌ವಿ ಪಟ್ಟಿಯೊಂದನ್ನು ಒತ್ತಿ ಎಕ್ಸೆಲ್‌ನಲ್ಲಿ ತೆರೆದಿದ್ದೀರಾ? ಅಲ್ಲೂ ಓರೆಗೆರೆಯ ಎ ಸಾಲುಗಟ್ಟಿರುತ್ತದೆ, ಆದರೆ ಸಣ್ಣ ಎ. ಅದರ ಪಕ್ಕದಲ್ಲಿ ಮೇಲಕ್ಕೆ ಏರಿದ ಪುಟಾಣಿ ಎರಡೋ ಮೂರೋ. ಇದು ಯೂನಿಕೋಡ್ ಕನ್ನಡವೇ, ಅಂದರೆ ಇಂಗ್ಲಿಷ್ ಮನೆಗಳನ್ನು ಎರವಲು ಪಡೆಯದೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಕ್ರಮದ್ದು. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್. ಎಕ್ಸೆಲ್ ಅದನ್ನು ಮೂರು ಬೇರೆ ಬೇರೆ ಅಕ್ಷರ ಎಂದುಕೊಂಡು ಬಿಡಿಸಿ ತೋರಿಸುತ್ತಿದೆ. ಕನ್ನಡಕ್ಕೆ ಮೀಸಲಾದ ಸಾಲಿನ ಮೊದಲ ಎರಡು ಬೈಟ್‌ಗಳು ಯಾವಾಗಲೂ ಒಂದೇ ಬಗೆಯವು, ಹಾಗಾಗಿ ಅದೇ ಎ, ಅದೇ ಪುಟಾಣಿ ಅಂಕಿ ಮರುಕಳಿಸುತ್ತವೆ. ಇಲ್ಲಿ ಯಾವ ಫಾಂಟ್ ಹಾಕಿದರೂ ಪ್ರಯೋಜನವಿಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಎಕ್ಸೆಲ್‌ನ ‘ಡೇಟಾ’ ವಿಭಾಗದಿಂದ ಫೈಲನ್ನು ಆಮದು ಮಾಡಿಕೊಂಡು ಯುಟಿಎಫ್-8 ಎಂದು ಆರಿಸಬೇಕು.

ದೊಡ್ಡ ಎ ಕಂಡರೆ ಹಳೆಯ ಫಾಂಟ್ ಹುಡುಕಿ, ಸಣ್ಣ ಎ ಮತ್ತು ಪುಟಾಣಿ ಅಂಕಿ ಕಂಡರೆ ಸಂಕೇತಕ್ರಮ ಬದಲಿಸಿ. ಖಾಲಿ ಚೌಕಗಳು ಕಂಡರೆ ಕನ್ನಡ ಫಾಂಟ್ ಇಲ್ಲ, ಬರಹ ಸುರಕ್ಷಿತ. ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಮಾತ್ರ ಎದೆ ಒಡೆಯಬೇಕು: ಯಾರೋ ಯೂನಿಕೋಡ್ ಬರಹವನ್ನು ಹಳೆಯ ಇಂಗ್ಲಿಷ್ ಕ್ರಮದಲ್ಲಿ ಸೇವ್ ಮಾಡಿದ್ದಾರೆ, ಪ್ರತಿ ಅಕ್ಷರದ ಜಾಗದಲ್ಲೂ ನಿಜಕ್ಕೂ ಪ್ರಶ್ನಾರ್ಥಕವೇ ಇದೆ. ಅದನ್ನು ಯಾವ ವಿದ್ಯೆಯಿಂದಲೂ ಮರಳಿ ತರಲಾಗದು. ಗೋಜಲು ಕಂಡಾಗ ಸೇವ್ ಒತ್ತಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೆ.

ಫಾಂಟ್ ಹಾಕಿ ಓದಿದ್ದಾಯಿತು; ಅಷ್ಟಕ್ಕೇ ಬಿಟ್ಟರೆ ಮೇಷ್ಟ್ರ ಪುಸ್ತಕ ಇನ್ನೂ ಇಂಗ್ಲಿಷೇ. ಹುಡುಕಿದರೆ ಪದ ಸಿಗುವುದಿಲ್ಲ, ಮೊಬೈಲಿಗೆ ಕಳುಹಿಸಿದರೆ ಮತ್ತೆ ಗೋಜಲು. ಅಂಧರು ಬಳಸುವ ಓದುಗ ತಂತ್ರಾಂಶ ‘ಪಿ, ಎ, ಪೌಂಡ್’ ಎಂದು ಉಲಿಯುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ, ಮತ್ತು ಅವುಗಳ ಎಡವಟ್ಟುಗಳಿಗೆ ಕಾರಣವೂ ಇದೆ. ನುಡಿಯಲ್ಲಿ ಮ ಎಂಬುದು ವ ಒಡಲಿಗೆ ಕೊಂಬು ಹಚ್ಚಿದ ರೂಪ. ವು ಎಂಬುದಕ್ಕೆ ಬೇರೆಯೇ ಕೊಂಬು. ಎರಡು ಕೊಂಬುಗಳ ಭೇದ ಅರಿಯದ ಪರಿವರ್ತಕ ‘ಅವು’ಗಳನ್ನು ‘ಅಮ’ ಮಾಡುತ್ತದೆ. ಅರ್ಕಾವೊತ್ತು ಇನ್ನೂ ತಂಟೆಯದು. ಹಳೆಯ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಕೂರುತ್ತದೆ: ಸೂ, ಯ, ಅರ್ಕಾವೊತ್ತು. ಯೂನಿಕೋಡ್ ಉಚ್ಚಾರಣೆಯ ಕ್ರಮ ಹಿಡಿಯುತ್ತದೆ: ಸೂ, ಅರ್ಧ ರ, ಯ. ಪರಿವರ್ತಕ ಪ್ರತಿ ಸಲವೂ ರಕಾರವನ್ನು ಹಿಂದಕ್ಕೆ ಎತ್ತಿಡಬೇಕು. ನಡುವೆ ಒತ್ತಕ್ಷರ, ದೀರ್ಘ ಎಲ್ಲ ಇದ್ದರೆ ತಪ್ಪಿ ಇನ್ನೆಲ್ಲೋ ಇಡುತ್ತದೆ. ಬರಹದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡ ಎಂದುಕೊಂಡು ಕಲಸಿಬಿಡುತ್ತದೆ. ಹಾಗಾಗಿ ಪರಿವರ್ತನೆಯ ನಂತರ ಕರಡು ತಿದ್ದಲು ಕನ್ನಡ ಬಲ್ಲ ಎರಡು ಕಣ್ಣು ಬೇಕೇ ಬೇಕು.

ಓದುವವನೇ ತೀರಿಕೊಂಡಾಗ

ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನೂ ಹೊತ್ತು ತಂದಿತು. ಹಾಗಿದ್ದರೂ 2005ರಲ್ಲಿ ಅಂಗಡಿಯವರು ಮೇಷ್ಟ್ರ ಪುಸ್ತಕವನ್ನು ಹಳೆಯ ಕ್ರಮದಲ್ಲೇ ಏಕೆ ಟೈಪ್ ಮಾಡಿದರು? ಕನ್ನಡದವರ ಸೋಮಾರಿತನ ಎಂದು ಬೈಯುವುದು ಸುಲಭ, ಅದು ಅನ್ಯಾಯ. ಪುಟ ಕಟ್ಟಲು ಆಗ ಎಲ್ಲರೂ ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಎಂದರೇನೆಂದೇ ಗೊತ್ತಿರಲಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಅಡೋಬಿ ತಂದ ಇನ್‌ಡಿಸೈನ್ ಭಾರತೀಯ ಭಾಷೆಗಳಿಗೆ ನೆಟ್ಟಗೆ ಬಾಗಿಲು ತೆರೆದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ನಡುವಿನ ಹತ್ತು ಹನ್ನೊಂದು ವರ್ಷ ಕನ್ನಡದ ಮುದ್ರಣಲೋಕ ಯೂನಿಕೋಡ್ ಬೇಕೆಂದರೂ ಬಳಸಲಾಗದ ಸ್ಥಿತಿಯಲ್ಲಿತ್ತು. ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಜಿಲ್ಲಾ ಪತ್ರಿಕೆ, ಸಣ್ಣ ಪ್ರಕಾಶಕರ ಪುಸ್ತಕ, ಎಷ್ಟೆಷ್ಟೋ ಇಂಥ ಫೈಲುಗಳಲ್ಲಿ ಕೂತಿವೆ.

ಅವುಗಳ ಬಾಗಿಲು ಒಂದೊಂದಾಗಿ ಮುಚ್ಚುತ್ತಿದೆ. ಪೇಜ್‌ಮೇಕರ್ ಫೈಲನ್ನು ಸಿಎಸ್6ರವರೆಗಿನ ಇನ್‌ಡಿಸೈನ್ ತೆರೆಯುತ್ತಿತ್ತು, ಆಮೇಲಿನದು ತೆರೆಯುವುದಿಲ್ಲ. ಟೈಪ್ 1 ಎಂಬ ಹಳೆಯ ಬಗೆಯ ಫಾಂಟ್‌ಗಳನ್ನು ಅಡೋಬಿ 2023ರ ಜನವರಿಯಲ್ಲಿ ಕೈಬಿಟ್ಟಿತು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಳೆಯ ಕಂಪ್ಯೂಟರುಗಳು ಗುಜರಿಗೆ ಹೋಗುತ್ತಿವೆ, ಜೊತೆಗೆ ಅವುಗಳಲ್ಲಿದ್ದ ಹಳೆಯ ತಂತ್ರಾಂಶಗಳೂ. ಈಗಿನ ಸರದಿ ಮೈಕ್ರೊಸಾಫ್ಟ್ ಪಬ್ಲಿಷರ್‌ನದು. ಶಾಲೆಗಳ ಪ್ರಮಾಣಪತ್ರ, ಆಹ್ವಾನಪತ್ರಿಕೆಗಳಿಗೆ ಅದನ್ನು ಬಳಸಿದವರಿದ್ದಾರೆ. 2026ರ ಅಕ್ಟೋಬರ್‌ಗೆ ಅದರ ಆಯುಸ್ಸು ಮುಗಿಯುತ್ತದೆ. ಆಮೇಲೆ ಮೈಕ್ರೊಸಾಫ್ಟ್ 365ರ ಚಂದಾದಾರರಿಗೆ ಅದರ ಪಬ್ ಫೈಲುಗಳನ್ನು ತಿದ್ದುವುದಿರಲಿ, ತೆರೆಯಲೂ ಆಗದು. ಅಷ್ಟರೊಳಗೆ ಪಿಡಿಎಫ್‌ಗೋ ವರ್ಡ್‌ಗೋ ಬದಲಾಯಿಸಿಕೊಳ್ಳಿ ಎಂದು ಕಂಪನಿಯೇ ಹೇಳಿದೆ. ತಪ್ಪಿಸಿಕೊಂಡವರಿಗೆ ಲಿಬ್ರೆ ಆಫೀಸ್‌ನ ಡ್ರಾ ಒಂದಷ್ಟು ಆಸರೆ, ಅದು ಪಬ್ ಫೈಲುಗಳನ್ನು ಅಷ್ಟಿಷ್ಟು ಓದುತ್ತದೆ. ಆ ದಿನಾಂಕದ ನಂತರ ‘ಕರಪ್ಟ್ ಆಗಿದೆ’ ಎಂಬ ದೂರು ಇನ್ನಷ್ಟು ಹೆಚ್ಚಲಿದೆ, ಒಂದು ಬೈಟೂ ಕೆಡದೆ.

ಫೈಲಿಗೆ ನಾವು ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತ ಎಂದರೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ ಮಡಿಚಿದ ಬಟ್ಟೆ. ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇಂದಿಗೂ ಓದುತ್ತಾರೆ. ಅಕ್ಷರ ಬಲ್ಲವರಿದ್ದರೆ ಸಾಕು, ನಡುವೆ ಅಂಗಡಿ ಮುಚ್ಚಬಲ್ಲ ಮೂರನೆಯವರಿಲ್ಲ. ಡಿಜಿಟಲ್ ಕಡತಕ್ಕೂ ಆ ಗುಣ ಬರಲಿ ಎಂದೇ ಮುಕ್ತ ಮಾನಕಗಳು ಬಂದದ್ದು. ಫಾಂಟನ್ನೂ ಹೊಟ್ಟೆಯೊಳಗೇ ಇಟ್ಟುಕೊಳ್ಳುವ, ದೀರ್ಘಕಾಲ ಕಾಪಿಡಲೆಂದೇ ರೂಪಿಸಿದ ಪಿಡಿಎಫ್/ಎ 2005ರಲ್ಲಿ, ಕಚೇರಿ ದಾಖಲೆಗಳ ಒಡಿಎಫ್ 2006ರಲ್ಲಿ ಅಂತರರಾಷ್ಟ್ರೀಯ ಮಾನಕಗಳಾದವು. ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಕೇಂದ್ರ ಸರ್ಕಾರ 2010ರಲ್ಲೇ ಪ್ರಕಟಿಸಿತು. ನೀತಿ ಕಾಗದದಲ್ಲಿದೆ. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಆದೇಶದ ಪಿಡಿಎಫ್ ಕಣ್ಣಿಗೆ ಕನ್ನಡ, ಹುಡುಕುವ ಯಂತ್ರಕ್ಕೆ ಕಸ. ಕಚೇರಿಯೊಂದು ತನ್ನ ಆದೇಶವನ್ನು ತಾನೇ ಹುಡುಕಲಾಗದಂತೆ ಕಾಪಿಡುವುದಕ್ಕೆ ಏನೆನ್ನಬೇಕೋ ತಿಳಿಯದು.

ಮೇಷ್ಟ್ರ ಎರಡನೆಯ ಫೈಲಿಗೆ ಹಳೆಯ ಕಂಪ್ಯೂಟರನ್ನೇ ಹುಡುಕಬೇಕಾಯಿತು. ಪಕ್ಕದ ಊರಿನ ಡಿಟಿಪಿ ಅಂಗಡಿಯೊಂದರಲ್ಲಿ, ಲಗ್ನಪತ್ರಿಕೆಗಳ ಹಳೆಯ ಮಾದರಿಗಳಿಗಾಗಿ ಎಕ್ಸ್‌ಪಿ ಕಂಪ್ಯೂಟರೊಂದನ್ನು ಜೀವಂತವಾಗಿ ಇಟ್ಟಿದ್ದರು. ಪೇಜ್‌ಮೇಕರ್ ಇತ್ತು, ನುಡಿ ಫಾಂಟುಗಳೂ ಇದ್ದವು. ಫೈಲು ತೆರೆಯಿತು, ಪುಟಗಳೆಲ್ಲ ಅಂದು ಕಟ್ಟಿದಂತೆಯೇ ನಿಂತಿದ್ದವು. ನಾಲ್ಕನೆಯ ಪುಟದ ಚಿತ್ರ ಮಾತ್ರ ಸಿಗುತ್ತಿಲ್ಲ ಎಂದು ಸೂಚನೆ ಬಂತು. ದೊಡ್ಡ ಚಿತ್ರಗಳನ್ನು ಪೇಜ್‌ಮೇಕರ್ ಸಾಮಾನ್ಯವಾಗಿ ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಎಲ್ಲಿದೆ ಎಂಬ ವಿಳಾಸ ಬರೆದುಕೊಂಡು ಮಬ್ಬಾದ ಒಂದು ನೆರಳನ್ನಷ್ಟೇ ಪರದೆಗಾಗಿ ಉಳಿಸಿಕೊಳ್ಳುತ್ತದೆ. ವಿಳಾಸ ಯಾವುದೋ ಡಿ ಡ್ರೈವ್‌ನದು. ಆ ಕಂಪ್ಯೂಟರ್ ಯಾರದೋ, ಎಲ್ಲಿದೆಯೋ.

ಪರದೆಯಲ್ಲಿ ಉಳಿದಿದ್ದ ಮಬ್ಬು ನೆರಳಿಗೆ ಮೇಷ್ಟ್ರು ಮುಖ ಹತ್ತಿರ ತಂದರು. ನನಗೆ ಕಂಡದ್ದು ಎರಡು ಸಾಲು ಬೂದು ಚುಕ್ಕೆಗಳು, ಹಿಂದೆ ಹೆಂಚಿನ ಮಾಡಿನಂಥದ್ದು.

“ಎಡದಿಂದ ಮೂರನೆಯವರು ನಮ್ಮ ಹೆಡ್ ಮಾಸ್ತರರು. ಅವರ ಪಕ್ಕದಲ್ಲಿ ಕೈಕಟ್ಟಿ ನಿಂತವನು ನಾನು” ಎಂದರು. ಉಳಿದವರ ಹೆಸರುಗಳನ್ನೂ ಸಾಲಾಗಿ ಹೇಳತೊಡಗಿದರು, ನಾನು ಅಂಗಡಿಯವರಿಂದ ಒಂದು ಚೀಟಿ ಕೇಳಿ ಬರೆದುಕೊಂಡೆ.